ಮನೆಯೊಳಗಿನ ರೇಡಾನ್: ಕಲ್ಲುನೆಲದ ಊರುಗಳಲ್ಲಿ ತಿಳಿದಿರಬೇಕಾದದ್ದು

ರೇಡಾನ್ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ವಿಕಿರಣಶೀಲ ಅನಿಲ. ಯಾವ ಕಾರ್ಖಾನೆಯಲ್ಲೂ ಅದನ್ನು ತಯಾರಿಸುವುದಿಲ್ಲ. ಕಲ್ಲು ಮತ್ತು ಮಣ್ಣಿನೊಳಗೆ ತಾನಾಗಿಯೇ ಹುಟ್ಟುತ್ತದೆ. ಬಂಡೆಯಲ್ಲಿರುವ ಯುರೇನಿಯಂ ಬಹಳ ನಿಧಾನವಾಗಿ ಕ್ಷಯಿಸುತ್ತ, ಹಲವು ಹಂತ ದಾಟಿ ರೇಡಿಯಂ ಆಗುತ್ತದೆ. ರೇಡಿಯಂ ಕ್ಷಯಿಸಿದಾಗ ರೇಡಾನ್ ಹೊರಬೀಳುತ್ತದೆ. ಯುರೇನಿಯಂ-238ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಸುಮಾರು 447 ಕೋಟಿ ವರ್ಷ, ರೇಡಿಯಂ-226ರದು 1,600 ವರ್ಷ, ರೇಡಾನ್-222ರದು ಕೇವಲ 3.8 ದಿನ. ಈ ಸರಣಿಯಲ್ಲಿ ಅನಿಲರೂಪದಲ್ಲಿರುವುದು ರೇಡಾನ್ ಒಂದೇ. ಅದರ ಮುಂಚಿನವೂ ನಂತರದವೂ ಘನವಸ್ತುಗಳಾದ್ದರಿಂದ ಹೆಚ್ಚಾಗಿ ಹುಟ್ಟಿದ ಜಾಗದಲ್ಲೇ ಅಂಟಿಕೊಂಡಿರುತ್ತವೆ. ರೇಡಾನ್ ಮಾತ್ರ ಮಣ್ಣಿನ ಸಂದುಗಳಲ್ಲಿ ನುಸುಳಿ, ನೀರಿನಲ್ಲಿ ಕರಗಿ, ಮನೆಯೊಳಗೆ ಬರಬಲ್ಲದು.

ಜಗತ್ತಿನ ಒಬ್ಬ ವ್ಯಕ್ತಿಗೆ ನಿಸರ್ಗದಿಂದ ತಗಲುವ ವಿಕಿರಣದ ಪ್ರಮಾಣ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅದರಲ್ಲಿ ಅರ್ಧದಷ್ಟು ರೇಡಾನ್ ಮತ್ತು ಅದರ ಸಂತತಿಯಿಂದಲೇ, ಅಂದರೆ ಅದು ಕ್ಷಯಿಸಿದಾಗ ಹುಟ್ಟುವ ಪರಮಾಣುಗಳಿಂದಲೇ, ಬರುತ್ತದೆ. ಹಾಗಾಗಿ ರೇಡಾನ್ ಗಣಿ ಕೆಲಸಗಾರರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ನೆಲಕ್ಕೆ ಅಂಟಿಕೊಂಡ, ಗಾಳಿಯಾಡದ ಕೋಣೆಯಲ್ಲಿ ದಿನದ ಬಹುಭಾಗ ಕಳೆಯುವ ಯಾರೇ ಆದರೂ ಇದನ್ನು ಅರಿತಿರುವುದು ಒಳ್ಳೆಯದು.

ದಖ್ಖನ್ನಿನ ಬಂಡೆ ಮತ್ತು ಯುರೇನಿಯಂ ನಿಕ್ಷೇಪಗಳು

ಹೈದರಾಬಾದ್ ನಿಂತಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಮೇಲೆ. ಗೋಲ್ಕೊಂಡದ ಗುಡ್ಡ, ಬಂಜಾರಾ ಹಿಲ್ಸ್‌ನ ಉರುಟು ಬಂಡೆಗಳು, ಮೆಹದಿಪಟ್ಟಣಂ, ಆಸಿಫ್‌ನಗರ, ಟೋಲಿಚೌಕಿಗಳಲ್ಲಿ ಪಾಯ ತೋಡಿದಾಗ ಸಿಗುವ ಕೆಂಪು ಗರಸು, ಎಲ್ಲವೂ ಅದೇ ಕಲ್ಲಿನ ಬೇರೆ ಬೇರೆ ರೂಪಗಳು. ಗ್ರಾನೈಟ್‌ನಲ್ಲಿ ಯುರೇನಿಯಂ ಸಾಮಾನ್ಯವಾಗಿ ಹತ್ತು ಲಕ್ಷ ಪಾಲಿಗೆ ಮೂರರಿಂದ ಐದು ಪಾಲಿನಷ್ಟು ಇರುತ್ತದೆ. ಅದಿರೆನ್ನಲು ಇದು ಏನೇನೂ ಸಾಲದು. ಆದರೆ ರೇಡಾನ್ ಹುಟ್ಟಲು ಅದಿರೇ ಬೇಕೆಂದಿಲ್ಲ, ಈ ಅಲ್ಪ ಪ್ರಮಾಣವೇ ಸಾಕು.

ನಿಜವಾದ ಅದಿರು ಇರುವ ಜಾಗಗಳೂ ಈ ಪ್ರದೇಶದ ಸುತ್ತ ಇವೆ. ಅವುಗಳನ್ನು ಹುಡುಕುವ ಪರಮಾಣು ಖನಿಜ ನಿರ್ದೇಶನಾಲಯದ ಕೇಂದ್ರ ಕಚೇರಿ ಹೈದರಾಬಾದಿನ ಬೇಗಂಪೇಟೆಯಲ್ಲಿದೆ. ನಲ್ಗೊಂಡ ಜಿಲ್ಲೆಯಲ್ಲಿ ನಾಗಾರ್ಜುನಸಾಗರ ಜಲಾಶಯದ ಹತ್ತಿರ ಲಂಬಾಪುರ ಮತ್ತು ಪೆದ್ದಗಟ್ಟು ನಿಕ್ಷೇಪಗಳಿವೆ. ಅಲ್ಲಿ ತಳದ ಗ್ರಾನೈಟ್ ಮತ್ತು ಅದರ ಮೇಲೆ ಕೂತ ಶ್ರೀಶೈಲಂ ಕ್ವಾರ್ಟ್‌ಜೈಟ್ ಸೇರುವ ಅಂಚಿನಲ್ಲಿ ಯುರೇನಿಯಂ ಸಂಗ್ರಹವಾಗಿದೆ. ಗಣಿ ತೆರೆಯುವ ಪ್ರಸ್ತಾಪದ ಮೇಲೆ 2003ರಲ್ಲಿ ಸಾರ್ವಜನಿಕ ಅಹವಾಲು ನಡೆದು, ತೀವ್ರ ವಿರೋಧ ವ್ಯಕ್ತವಾಯಿತು. ನಲ್ಲಮಲ ಕಾಡಿನಲ್ಲಿ ಯುರೇನಿಯಂ ಗಣಿಗಾರಿಕೆ ಬೇಡವೆಂದು ತೆಲಂಗಾಣ ವಿಧಾನಸಭೆ 2019ರ ಸೆಪ್ಟೆಂಬರಿನಲ್ಲಿ ನಿರ್ಣಯ ಅಂಗೀಕರಿಸಿತು. ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ ಯುರೇನಿಯಂ ಕಾರ್ಪೊರೇಷನ್ನಿನ ಗಣಿ ಮತ್ತು ಅದಿರು ಸಂಸ್ಕರಣಾ ಘಟಕ ಕೆಲಸ ಮಾಡುತ್ತಿವೆ.

ಕರ್ನಾಟಕದಲ್ಲಿ ಇದಕ್ಕೆ ಸಾಟಿಯಾದ ಜಾಗ ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿ. ಅದು ಭೀಮಾ ಜಲಾನಯನದ ದಕ್ಷಿಣ ಅಂಚು. ಅಲ್ಲಿ ನೆಲದಡಿಯ ಉದ್ದನೆಯ ಸ್ತರಭಂಗವೊಂದರಿಂದ ಸುಣ್ಣಕಲ್ಲು ಮತ್ತು ಗ್ರಾನೈಟ್ ಎರಡೂ ನುಚ್ಚುನೂರಾಗಿವೆ. ಆ ಬಿರುಕುಗಳಲ್ಲಿ ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್ ಎಂಬ ಯುರೇನಿಯಂ ಖನಿಜಗಳು ಕೂತಿವೆ. ನೀರು ಹರಿಯುವುದೂ ಅದೇ ಬಿರುಕುಗಳಲ್ಲಿ. ಕೊಳವೆಬಾವಿ ಕೊರೆಯುವವರು ನೀರಿಗಾಗಿ ಹುಡುಕುವುದೂ ಅವನ್ನೇ. ಆದ್ದರಿಂದ ಇಂಥ ಊರುಗಳಲ್ಲಿ ಗಣಿ ನಡೆಯಲಿ, ನಡೆಯದಿರಲಿ, ಕೊಳವೆಬಾವಿಯ ನೀರನ್ನು ಪರೀಕ್ಷಿಸುವುದು ಅಗತ್ಯ. ಹೈದರಾಬಾದಿನಲ್ಲಿ ನೆಲೆಸಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಊರಮನೆ ಉಳಿಸಿಕೊಂಡಿರುವ ಕುಟುಂಬಗಳಿಗೆ ಎರಡೂ ಕಡೆಯ ಮಾಹಿತಿ ಬೇಕಾಗುತ್ತದೆ.

ದೂರದ ನಿಕ್ಷೇಪ, ಹತ್ತಿರದ ನೆಲ

ಮೆಹದಿಪಟ್ಟಣಂನಿಂದ ಲಂಬಾಪುರ ನೂರು ಕಿಲೋಮೀಟರಿಗೂ ದೂರ, ಗೋಗಿ ಇನ್ನೂ ದೂರ. ಅಲ್ಲಿನ ರೇಡಾನ್ ನೆಲದೊಳಗಿಂದ ಹರಿದು ಇಲ್ಲಿಗೆ ಬರುವಂತಿಲ್ಲ. ಒಣ ಮಣ್ಣಿನಲ್ಲಿ ಅದು ತಾನಾಗಿ ಹರಡುವುದು ಒಂದೆರಡು ಮೀಟರಿನಷ್ಟು. ಬಿರುಕುಗಳಲ್ಲಿ ಚಲಿಸುವ ಗಾಳಿ ಅಥವಾ ನೀರಿನ ಜೊತೆ ಸೇರಿದರೆ ಇನ್ನಷ್ಟು ದೂರ ಸಾಗಬಹುದಾದರೂ, ನಾಲ್ಕು ದಿನ ಕಳೆಯುವಷ್ಟರಲ್ಲಿ ಅರ್ಧ ಕ್ಷಯಿಸಿಹೋಗಿರುತ್ತದೆ. ಬಯಲಿಗೆ ಬಂದದ್ದು ಗಾಳಿಯಲ್ಲಿ ಚದುರಿಹೋಗುತ್ತದೆ. ಹೊರಗಿನ ಗಾಳಿಯಲ್ಲಿ ರೇಡಾನ್ ಸಾಮಾನ್ಯವಾಗಿ ಘನಮೀಟರಿಗೆ 5ರಿಂದ 15 ಬೆಕ್ವೆರೆಲ್ ಇದ್ದರೆ, ಒಂದು ಮೀಟರ್ ಕೆಳಗಿನ ಮಣ್ಣಿನ ಸಂದುಗಳ ಗಾಳಿಯಲ್ಲಿ ಸಾವಿರಾರು, ಕೆಲವೆಡೆ ಹತ್ತಾರು ಸಾವಿರ ಬೆಕ್ವೆರೆಲ್ ಇರುತ್ತದೆ. ಒಂದು ಬೆಕ್ವೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವುದು.

ಅಂದರೆ ಒಂದು ಮನೆಯ ರೇಡಾನ್ ಮಟ್ಟವನ್ನು ತೀರ್ಮಾನಿಸುವುದು ಮೂರು ಸಂಗತಿಗಳು: ಆ ಮನೆಯ ಕೆಳಗಿನ ಕಲ್ಲುಮಣ್ಣು, ಒಳಬರಲು ಇರುವ ಸಂದುಗಳು, ಒಳಗಿನ ಗಾಳಿ ಬದಲಾಗುವ ವೇಗ. ಅಕ್ಕಪಕ್ಕದ ಎರಡು ಮನೆಗಳ ಅಳತೆ ಒಂದೇ ಇರಬೇಕೆಂದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1984ರ ಡಿಸೆಂಬರಿನಲ್ಲಿ ನಡೆದ ಘಟನೆ ಇದಕ್ಕೆ ಪ್ರಸಿದ್ಧ ಉದಾಹರಣೆ. ನಿರ್ಮಾಣದ ಕೊನೆಯ ಹಂತದಲ್ಲಿದ್ದ ಲಿಮರಿಕ್ ಅಣುಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದ ಸ್ಟಾನ್ಲಿ ವಾಟ್ರಸ್ ಹಾದುಹೋದಾಗ ವಿಕಿರಣ ಪತ್ತೆಯಂತ್ರ ಎಚ್ಚರಿಕೆ ಕೊಟ್ಟಿತು. ಸ್ಥಾವರ ಆಗಿನ್ನೂ ವಿದ್ಯುತ್ ಉತ್ಪಾದನೆಯನ್ನೇ ಆರಂಭಿಸಿರಲಿಲ್ಲ. ಹುಡುಕುತ್ತ ಹೋದಾಗ ಮೂಲ ಅವರ ಮನೆಯಲ್ಲೇ ಸಿಕ್ಕಿತು: ಒಳಗಿನ ಗಾಳಿಯಲ್ಲಿ ಘನಮೀಟರಿಗೆ ಸುಮಾರು ಒಂದು ಲಕ್ಷ ಬೆಕ್ವೆರೆಲ್ ರೇಡಾನ್ ಇತ್ತು. ಮನೆಗಳನ್ನು ಪರೀಕ್ಷಿಸುವ ರೂಢಿ ಅಮೆರಿಕದಲ್ಲಿ ಬಲಗೊಂಡದ್ದು ಇದಾದ ಮೇಲೆಯೇ.

ಮನೆಯೊಳಗೆ ಬರುವ ದಾರಿಗಳು

ಮನೆಯ ಒಳಗಿನ ಗಾಳಿಯ ಒತ್ತಡ ನೆಲದ ಗಾಳಿಯ ಒತ್ತಡಕ್ಕಿಂತ ತುಸು ಕಡಿಮೆಯಿದ್ದರೂ ಸಾಕು, ಕೆಳಗಿನ ಗಾಳಿ ಮೇಲಕ್ಕೆ ಎಳೆಯಲ್ಪಡುತ್ತದೆ. ಪ್ಲಿಂತ್ ಕಾಂಕ್ರೀಟಿನ ಬಿರುಕು, ಗೋಡೆ ಮತ್ತು ನೆಲ ಸೇರುವ ಮೂಲೆ, ಡ್ರೈನೇಜ್ ಪೈಪು ಮತ್ತು ವಿದ್ಯುತ್ ಕೇಬಲ್ ನೆಲ ತೂರಿ ಬರುವ ಜಾಗ, ಬಚ್ಚಲಿನ ನೀರು ಹೋಗುವ ಕಿಂಡಿ, ಮನೆಯೊಳಗೇ ಇರುವ ಸಂಪಿನ ಮುಚ್ಚಳ, ಇವೆಲ್ಲ ದಾರಿಗಳು. ಹಳೆಯ ಮನೆಗಳಲ್ಲಿ ಗರಸು ಹಾಸಿ, ದಿಮ್ಮಸು ಮಾಡಿ, ಅದರ ಮೇಲೆ ಶಹಾಬಾದ್ ಕಲ್ಲು ಕೂರಿಸಿರುತ್ತಾರೆ. ಶಹಾಬಾದ್ ಮತ್ತು ಕಡಪ ಕಲ್ಲುಗಳು ಸುಣ್ಣಕಲ್ಲುಗಳು; ಅವುಗಳಲ್ಲಿ ಯುರೇನಿಯಂ ಸಾಮಾನ್ಯವಾಗಿ ಕಡಿಮೆ. ತೊಂದರೆ ಇರುವುದು ಕಲ್ಲಿನಲ್ಲಲ್ಲ, ಎರಡು ಕಲ್ಲುಗಳ ನಡುವಿನ ಸಿಮೆಂಟು ಉದುರಿದ ಸಂದಿನಲ್ಲಿ. ಅಡುಗೆಕಟ್ಟೆಯ ಗ್ರಾನೈಟಿನಿಂದಲೂ ಅಲ್ಪಸ್ವಲ್ಪ ರೇಡಾನ್ ಹೊರಬರಬಹುದು. ಆದರೆ ನೆಲದಡಿಯಿಂದ ಬರುವುದಕ್ಕೆ ಹೋಲಿಸಿದರೆ ಅದು ತೀರಾ ಕಡಿಮೆ.

ಬಹುಮಹಡಿ ಕಟ್ಟಡದ ಮೂರನೆಯ, ನಾಲ್ಕನೆಯ ಮಹಡಿಯ ಫ್ಲ್ಯಾಟಿಗೆ ನೆಲದ ನೇರ ಸಂಪರ್ಕವಿಲ್ಲ; ಅಲ್ಲಿನ ಮಟ್ಟ ಸಾಮಾನ್ಯವಾಗಿ ಕಡಿಮೆಯೇ. ಗಮನ ಬೇಕಿರುವುದು ಅದೇ ಕಟ್ಟಡದ ತಳಕ್ಕೆ. ಹೈದರಾಬಾದಿನ ಅಪಾರ್ಟ್‌ಮೆಂಟುಗಳ ಸೆಲ್ಲಾರ್ ವಾಹನ ನಿಲ್ಲಿಸಲೆಂದು ಇರುವುದು. ರ್‍ಯಾಂಪಿನಿಂದ ಗಾಳಿ ನುಗ್ಗುವ ತೆರೆದ ಸೆಲ್ಲಾರಿನಲ್ಲಿ ರೇಡಾನ್ ನಿಲ್ಲುವುದು ಕಷ್ಟ. ಆದರೆ ಅದರ ಮೂಲೆಯಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ, ಒಂದು ಬಾಗಿಲಿಟ್ಟು, ವಾಚ್‌ಮನ್ ಸಂಸಾರಕ್ಕೆ ಕೋಣೆ ಮಾಡಿಕೊಟ್ಟಿರುತ್ತಾರೆ. ಮೂರು ಕಡೆ ಮಣ್ಣಿಗೆ ತಾಗಿದ ಗೋಡೆ, ಕೆಳಗೆ ತೆಳು ಕಾಂಕ್ರೀಟು, ಪಕ್ಕದಲ್ಲಿ ಕೊಳವೆಬಾವಿ ನೀರಿನ ಸಂಪು. ಕಟ್ಟಡದಲ್ಲಿ ಒಂದೇ ಒಂದು ಜಾಗದಲ್ಲಿ ಅಳತೆ ಮಾಡಲು ಸಾಧ್ಯವೆಂದಾದರೆ ಆಯ್ದುಕೊಳ್ಳಬೇಕಾದದ್ದು ಈ ಕೋಣೆಯನ್ನೇ. ನೆಲಮಟ್ಟದ ಕ್ಲಿನಿಕ್, ಟ್ಯೂಷನ್ ಕೋಣೆ, ಜಿಮ್ ಮತ್ತು ಕಿಟಕಿ ತೆಗೆಯದ ಎಸಿ ಕಚೇರಿಗಳು ನಂತರದ ಸರದಿಯಲ್ಲಿ ಬರುತ್ತವೆ. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ತಂಪು ಮಾಡಿ ಮತ್ತೆ ಸುತ್ತಿಸುತ್ತದೆ, ಹೊರಗಾಳಿಯನ್ನು ತರುವುದಿಲ್ಲ.

ರೇಡಾನ್ ಮಟ್ಟ ದಿನವಿಡೀ ಒಂದೇ ಸಮ ಇರುವುದಿಲ್ಲ. ಕಿಟಕಿ ಮುಚ್ಚಿದ ರಾತ್ರಿ ಮತ್ತು ಬೆಳಗಿನ ಜಾವ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ ಕಾಣುವುದು ಸಾಮಾನ್ಯ. ಮಳೆ ಬಿದ್ದು ಸುತ್ತಲಿನ ಮಣ್ಣು ನೆನೆದಾಗ ಅನಿಲ ಬಯಲಿಗೆ ಹೋಗಲಾರದೆ ಕಟ್ಟಡದ ಕೆಳಗಿನ ಒಣ ಮಣ್ಣಿನತ್ತ ತಿರುಗುವುದೂ ಉಂಟು.

ನೀರಿನಲ್ಲಿ ರೇಡಾನ್, ನೀರಿನಲ್ಲಿ ಯುರೇನಿಯಂ

ಗ್ರಾನೈಟ್ ಬಿರುಕುಗಳಿಂದ ಬರುವ ಕೊಳವೆಬಾವಿ ನೀರಿನಲ್ಲಿ ರೇಡಾನ್ ಕರಗಿರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗ್ಯಾಸ್ ಹೊರಡುವಂತೆ, ನೀರು ಗಾಳಿಗೆ ತೆರೆದುಕೊಂಡು ಕಲಕಿದ ಕೂಡಲೆ ಅದು ಹೊರಬೀಳುತ್ತದೆ. ಷವರ್, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು ಇದಕ್ಕೆ ಮುಖ್ಯ ಸಂದರ್ಭಗಳು. ನದಿ ಮತ್ತು ಕೆರೆಯ ನೀರು ಗಾಳಿಗೆ ತೆರೆದುಕೊಂಡೇ ಇರುವುದರಿಂದ ಅದರಲ್ಲಿ ರೇಡಾನ್ ನಗಣ್ಯ. ಉಸ್ಮಾನ್‌ಸಾಗರ, ಮಂಜೀರಾ, ಸಿಂಗೂರು, ಕೃಷ್ಣಾ, ಗೋದಾವರಿ ಮೂಲಗಳಿಂದ ಬರುವ ಹೈದರಾಬಾದಿನ ನಲ್ಲಿ ನೀರಿನ ವಿಷಯದಲ್ಲಿ ರೇಡಾನಿನ ಚಿಂತೆ ಬೇಡ. ನಲ್ಲಿ ನೀರು ಸಾಲದೆ ಬೋರ್ ನೀರು ಬೆರೆಸುವ ಅಪಾರ್ಟ್‌ಮೆಂಟುಗಳಲ್ಲಿ, ಬೇಸಿಗೆಯಲ್ಲಿ ಬರುವ ಟ್ಯಾಂಕರಿನ ಬೋರ್ ನೀರಿನಲ್ಲಿ ಅದು ಇರಬಹುದು. ಆದರೂ ಟ್ಯಾಂಕರಿಗೆ ತುಂಬಿ, ಸಾಗಿಸಿ, ಸಂಪಿಗೆ ಸುರಿಯುವಷ್ಟರಲ್ಲಿ ಒಂದಷ್ಟು ಹೊರಟುಹೋಗಿರುತ್ತದೆ.

ಒಂದು ಸ್ಥೂಲ ಲೆಕ್ಕ ನೆನಪಿಟ್ಟುಕೊಳ್ಳಬಹುದು. ನೀರಿನಲ್ಲಿ ಲೀಟರಿಗೆ 1,000 ಬೆಕ್ವೆರೆಲ್ ರೇಡಾನ್ ಇದ್ದರೆ, ದಿನಬಳಕೆಯಿಂದ ಮನೆಯ ಗಾಳಿಗೆ ಸೇರುವುದು ಘನಮೀಟರಿಗೆ ಸುಮಾರು 100 ಬೆಕ್ವೆರೆಲ್. ಲೀಟರಿಗೆ 100 ಇದ್ದರೆ ಗಾಳಿಗೆ ಸೇರುವುದು ಸುಮಾರು 10. ಹಾಗಾಗಿ ಬಹುತೇಕ ಮನೆಗಳಲ್ಲಿ ನೆಲವೇ ದೊಡ್ಡ ಮೂಲ, ನೀರಿನದು ಎರಡನೆಯ ಸ್ಥಾನ.

ಯುರೇನಿಯಂ ಮತ್ತು ರೇಡಾನ್ ಎರಡನ್ನೂ ಒಂದೇ ಎಂದು ತಿಳಿದರೆ ತಪ್ಪು ಉಪಾಯಕ್ಕೆ ಹಣ ಸುರಿದಂತಾಗುತ್ತದೆ. ನೀರಿನಲ್ಲಿ ಕರಗಿದ ಯುರೇನಿಯಂ ಲೋಹ; ಅದರಿಂದ ಮುಖ್ಯ ಅಪಾಯ ಮೂತ್ರಪಿಂಡಕ್ಕೆ, ಕುಡಿದಾಗ. ರೇಡಾನ್ ಅನಿಲ, ಅದರಿಂದ ಮುಖ್ಯ ಅಪಾಯ ಶ್ವಾಸಕೋಶಕ್ಕೆ, ಉಸಿರಾಡಿದಾಗ. ನೀರಿನಲ್ಲಿ ಒಂದು ಹೆಚ್ಚಿದ್ದರೆ ಇನ್ನೊಂದೂ ಹೆಚ್ಚಿರಬೇಕೆಂದಿಲ್ಲ. ನೀರಿನ ರಾಸಾಯನಿಕ ಗುಣಕ್ಕೆ ತಕ್ಕಂತೆ ಯುರೇನಿಯಂ ಕರಗುತ್ತದೆ. ರೇಡಾನ್ ಪ್ರಮಾಣ ಬಿರುಕಿನ ಗೋಡೆಗೆ ಅಂಟಿಕೊಂಡ ರೇಡಿಯಂ ಮೇಲೆ ನಿಂತಿರುತ್ತದೆ. ಎರಡು ಪರೀಕ್ಷೆಗಳನ್ನೂ ಬೇರೆ ಬೇರೆಯಾಗಿಯೇ ಮಾಡಿಸಬೇಕು.

ಶ್ವಾಸಕೋಶದಲ್ಲಿ ಆಗುವುದೇನು

ಒಳಗೆಳೆದ ರೇಡಾನಿನ ಬಹುಪಾಲು ಉಸಿರಿನ ಜೊತೆಯೇ ಹೊರಬರುತ್ತದೆ. ಹಾನಿ ಮಾಡುವುದು ಅದರ ಅಲ್ಪಾಯುಷಿ ಸಂತತಿ. ಪೊಲೋನಿಯಂ-218, ಸೀಸ-214, ಬಿಸ್ಮತ್-214, ಪೊಲೋನಿಯಂ-214 ಇವು ಗಾಳಿಯ ದೂಳು, ಹೊಗೆಯ ಕಣಗಳಿಗೆ ಅಂಟಿಕೊಂಡು ಶ್ವಾಸನಾಳದ ಒಳಗೋಡೆಯಲ್ಲಿ ಕೂತು, ಅಲ್ಲೇ ಕ್ಷಯಿಸುತ್ತವೆ. ಆಗ ಹೊರಡುವ ಆಲ್ಫಾ ಕಣಗಳು ಅತಿ ಕಡಿಮೆ ದೂರ ಚಲಿಸಿದರೂ ಆ ದೂರದಲ್ಲಿರುವ ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆಂದು ವರ್ಗೀಕರಿಸಿತು. ಸಂಸ್ಥೆಯ ಅಂದಾಜಿನಂತೆ ಒಂದು ದೇಶದ ಶ್ವಾಸಕೋಶ ಕ್ಯಾನ್ಸರುಗಳಲ್ಲಿ ಶೇ 3ರಿಂದ 14ರಷ್ಟಕ್ಕೆ ರೇಡಾನ್ ಕಾರಣ. ದೀರ್ಘಕಾಲದ ಸರಾಸರಿ ಘನಮೀಟರಿಗೆ 100 ಬೆಕ್ವೆರೆಲ್ ಹೆಚ್ಚಿದಂತೆ ಅಪಾಯ ಸುಮಾರು ಶೇ 16ರಷ್ಟು ಏರುತ್ತದೆ.

ಬೀಡಿ, ಸಿಗರೇಟು ಸೇದುವವರಿಗೆ ಈ ಏರಿಕೆ ಬಹಳ ಭಾರ. ರೇಡಾನಿನಿಂದ ಶ್ವಾಸಕೋಶ ಕ್ಯಾನ್ಸರ್ ಬರುವ ಸಂಭವ ಸೇದದವರಿಗಿಂತ ಅವರಲ್ಲಿ ಸುಮಾರು 25 ಪಟ್ಟು ಹೆಚ್ಚೆಂದು ಅಂದಾಜಿಸಲಾಗಿದೆ. ರೇಡಾನ್ ಇರುವ ಮನೆಯಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಫಲಕಾರಿ ಕ್ರಮ ಧೂಮಪಾನ ನಿಲ್ಲಿಸುವುದೇ. ರೇಡಾನಿನಿಂದ ತಲೆನೋವು, ಕೆಮ್ಮು, ಚರ್ಮದ ತುರಿಕೆ ಬರುವುದಿಲ್ಲ. ಅದು ಹೆಚ್ಚಿದೆಯೇ ಎಂದು ರಕ್ತಪರೀಕ್ಷೆಯಿಂದಾಗಲಿ ಎಕ್ಸ್‌ರೇಯಿಂದಾಗಲಿ ತಿಳಿಯದು. ಮನೆಯ ಗಾಳಿಯನ್ನು ಅಳೆಯುವುದೊಂದೇ ದಾರಿ.

ಗಾಳಿಯನ್ನು ಅಳೆಯುವ ಕ್ರಮ

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಲ್‌ಆರ್-115 ಎಂಬ ಫಿಲ್ಮ್. ಸಣ್ಣ ಡಬ್ಬಿಯೊಳಗೆ ಇಟ್ಟ ಫಿಲ್ಮಿನ ತುಣುಕಿಗೆ ಆಲ್ಫಾ ಕಣ ಬಡಿದಾಗ ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಮೂರು ತಿಂಗಳ ನಂತರ ಪ್ರಯೋಗಾಲಯದಲ್ಲಿ ಕ್ಷಾರದ ದ್ರಾವಣದಲ್ಲಿ ಅದ್ದಿ ಗೀರುಗಳನ್ನು ದೊಡ್ಡದು ಮಾಡಿ ಎಣಿಸುತ್ತಾರೆ. ಇದಕ್ಕೆ ವಿದ್ಯುತ್ ಬೇಡ, ಸದ್ದಿಲ್ಲ, ಮೂರು ತಿಂಗಳ ಸರಾಸರಿ ಸಿಗುತ್ತದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ಪಿನ್‌ಹೋಲ್ ಡಬ್ಬಿಗಳು ರೇಡಾನನ್ನೂ, ಥೋರಿಯಂನಿಂದ ಹುಟ್ಟುವ ಥೋರಾನನ್ನೂ ಬೇರ್ಪಡಿಸಿ ತೋರಿಸುತ್ತವೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ, ಕರ್ನಾಟಕದ ಮೈಸೂರು ಮತ್ತು ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ರೇಡಾನ್ ಅಳತೆಯ ಸಂಶೋಧನೆ ನಡೆದಿದೆ. ಭೌತಶಾಸ್ತ್ರ ವಿಭಾಗಗಳಲ್ಲಿ ವಿಚಾರಿಸುವುದು ಒಳ್ಳೆಯ ಆರಂಭ. ಅಂಗಡಿಯಲ್ಲಿ ಸಿಗುವ ಡಿಜಿಟಲ್ ಮೀಟರುಗಳು ಏರಿಳಿತ ನೋಡಲು ಅನುಕೂಲ. ಆದರೆ ಒಂದೆರಡು ದಿನದ ಅಂಕಿ ನೋಡಿ ತೀರ್ಮಾನಕ್ಕೆ ಬರಬಾರದು.

ಡಬ್ಬಿ ಇಡುವ ಜಾಗಕ್ಕೆ ಕೆಲವು ನಿಯಮಗಳಿವೆ. ಜನ ವಾಸವಿರುವ ಅತ್ಯಂತ ಕೆಳಗಿನ ಮಹಡಿ, ಅದರಲ್ಲೂ ಮಲಗುವ ಕೋಣೆ ಸೂಕ್ತ. ನೆಲದಿಂದ ಒಂದರಿಂದ ಒಂದೂವರೆ ಮೀಟರ್ ಎತ್ತರ, ಗೋಡೆಯಿಂದ ಒಂದಡಿ ದೂರ ಇರಬೇಕು. ಕಿಟಕಿ, ಫ್ಯಾನು, ಒಲೆ, ಬಚ್ಚಲುಗಳಿಂದ ಆಚೆಗಿರಬೇಕು. ಪರೀಕ್ಷೆಗೆಂದು ಬದುಕಿನ ರೂಢಿ ಬದಲಿಸಬಾರದು. ಎಂದಿನಂತೆಯೇ ಕಿಟಕಿ ತೆಗೆದು ಮುಚ್ಚಿ ಮಾಡಬೇಕು. ಸಾಧ್ಯವಿದ್ದರೆ ಚಳಿಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಅಳೆಯುವುದು ಲೇಸು.

ನೀರಿನ ಮಾದರಿ ತೆಗೆಯುವುದು

ನೀರಿನ ರೇಡಾನ್ ಪರೀಕ್ಷೆಯಲ್ಲಿ ತಪ್ಪಾಗುವುದು ಹೆಚ್ಚಾಗಿ ಬಾಟಲಿ ತುಂಬುವಾಗಲೇ. ಓವರ್‌ಹೆಡ್ ಟ್ಯಾಂಕಿನಿಂದಲ್ಲ, ಬೋರ್‌ವೆಲ್ ಪೈಪಿನ ಬಾಯಿಂದಲೇ ನೀರು ಹಿಡಿಯಬೇಕು. ಮೋಟರನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ಹಳೆಯ ನೀರನ್ನು ಹೊರಹಾಕಬೇಕು. ಪೈಪಿನ ತುದಿಯನ್ನು ಬಕೆಟಿನ ತಳಕ್ಕೆ ಇಳಿಸಿ, ಸದ್ದಿಲ್ಲದೆ ಉಕ್ಕಿ ಹರಿಯಲು ಬಿಟ್ಟು, ಗಾಜಿನ ಬಾಟಲಿಯನ್ನು ಆ ನೀರಿನಲ್ಲಿ ಮುಳುಗಿಸಿ ತುಂಬಿ, ಮುಳುಗಿದ್ದಂತೆಯೇ ಮುಚ್ಚಳ ಬಿಗಿಯಬೇಕು. ಹೊರತೆಗೆದು ತಲೆಕೆಳಗು ಮಾಡಿ ನೋಡಿದಾಗ ಒಂದು ಗುಳ್ಳೆಯೂ ಕಾಣಬಾರದು. ಕಂಡರೆ ಮತ್ತೆ ತುಂಬಬೇಕು. ಬಾಟಲಿಯ ಮೇಲೆ ದಿನಾಂಕದ ಜೊತೆ ಗಂಟೆಯನ್ನೂ ಬರೆಯಬೇಕು, ಏಕೆಂದರೆ ದಾರಿಯಲ್ಲಿ ಕ್ಷಯಿಸಿದ ರೇಡಾನನ್ನು ಪ್ರಯೋಗಾಲಯ ಆ ಗಂಟೆಯಿಂದಲೇ ಲೆಕ್ಕ ಹಾಕಿ ಸರಿಪಡಿಸುತ್ತದೆ. ಯುರೇನಿಯಂ ಪರೀಕ್ಷೆಗೆ ಇಷ್ಟು ಜಾಗ್ರತೆ ಬೇಡ. ಪ್ರಯೋಗಾಲಯ ಕೊಟ್ಟ ಶುದ್ಧ ಬಾಟಲಿಯಲ್ಲಿ ಹಿಡಿದರೆ ಸಾಕು.

ಅಂಕಿಗಳನ್ನು ಓದುವುದು

ಗಾಳಿಯಲ್ಲಿ ಘನಮೀಟರಿಗೆ 100 ಬೆಕ್ವೆರೆಲ್ ಮೀರದಿರಲಿ, ಅದು ಸಾಧ್ಯವಾಗದಿದ್ದರೆ ಯಾವ ಕಾರಣಕ್ಕೂ 300 ದಾಟದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೊಟ್ಟ ಸಲಹೆ. ಅಮೆರಿಕದ ಪರಿಸರ ಸಂಸ್ಥೆ ದುರಸ್ತಿಗೆ ಸೂಚಿಸುವ ಮಟ್ಟ 148. ಕೆಲವು ಮೀಟರುಗಳು ಲೀಟರಿಗೆ ಪಿಕೊಕ್ಯೂರಿ ಎಂದು ತೋರಿಸುತ್ತವೆ. ಆ ಅಂಕಿಯನ್ನು 37ರಿಂದ ಗುಣಿಸಿದರೆ ಘನಮೀಟರಿನ ಬೆಕ್ವೆರೆಲ್ ಸಿಗುತ್ತದೆ.

100ರ ಒಳಗಿದ್ದರೆ ಗಾಳಿಯಾಡುವಿಕೆ ಈಗಿದ್ದಂತೆಯೇ ಇರಲಿ. ಮನೆಯ ದುರಸ್ತಿಯಾದಾಗ ಮತ್ತೊಮ್ಮೆ ಅಳೆದರೆ ಸಾಕು. 100ರಿಂದ 300ರ ನಡುವೆ ಇದ್ದರೆ ಬಿರುಕು ಮುಚ್ಚಿ, ಗಾಳಿಯಾಡುವಿಕೆ ಹೆಚ್ಚಿಸಿ, ಪುನಃ ಅಳೆಯಬೇಕು. 300 ದಾಟಿದ್ದು ದೀರ್ಘಾವಧಿಯ ಅಳತೆಯಲ್ಲೂ ಖಚಿತವಾದರೆ ನೆಲದಡಿಯ ಗಾಳಿಯನ್ನು ಹೊರಹಾಕುವ ವ್ಯವಸ್ಥೆ ಬೇಕು.

ಕುಡಿಯುವ ನೀರಿನ ರೇಡಾನಿಗೆ ಐರೋಪ್ಯ ಒಕ್ಕೂಟ 2013ರಲ್ಲಿ ಲೀಟರಿಗೆ 100 ಬೆಕ್ವೆರೆಲ್ ಎಂಬ ಮಟ್ಟ ಇಟ್ಟುಕೊಂಡಿದೆ. 1,000 ದಾಟಿದರೆ ಹೆಚ್ಚಿನ ವಿಚಾರಣೆಯಿಲ್ಲದೆ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟ ಮಿತಿ 60. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನ ಮಾನಕಕ್ಕೆ 30ನ್ನೇ ಸೇರಿಸಿದೆ.

ಗಾಳಿಯ ರೇಡಾನಿಗೆ ಪರಿಹಾರ

ಮೊದಲ ಪರಿಹಾರ ಎದುರುಬದುರು ಕಿಟಕಿಗಳನ್ನು ತೆಗೆದಿಡುವುದು. ಒಳಗಿನ ಗಾಳಿ ಬದಲಾಗುವ ವೇಗ ಇಮ್ಮಡಿಯಾದರೆ ರೇಡಾನ್ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಸಿ ಹಾಕಿ ಮಲಗುವವರು ಬೆಳಗೆದ್ದು ಕೋಣೆಯನ್ನು ಪೂರ್ತಿ ತೆರೆಯುವ ರೂಢಿ ಮಾಡಿಕೊಳ್ಳಬೇಕು. ಕಿಟಕಿಯೇ ಇಲ್ಲದ ಸೆಲ್ಲಾರ್ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಒಂದನ್ನೇ ಹಾಕುವುದು ತಿರುಗುಬಾಣವಾಗಬಹುದು. ಫ್ಯಾನು ಗಾಳಿಯನ್ನು ಹೊರದೂಡಿದಾಗ ಒಳಗಿನ ಒತ್ತಡ ಇಳಿದು, ನೆಲದ ಬಿರುಕುಗಳಿಂದಲೇ ಗಾಳಿ ಮೇಲೇಳುತ್ತದೆ. ಬಾಗಿಲಿನ ಕೆಳಗೆ ಜಾಲರಿಯಿಟ್ಟೋ, ಗೋಡೆಯಲ್ಲಿ ಕಿಂಡಿ ಬಿಟ್ಟೋ ಹೊರಗಾಳಿ ಬರಲು ದಾರಿ ಮಾಡಬೇಕು. ಹೊರಗಾಳಿಯನ್ನು ಒಳಕ್ಕೆ ಊದುವ ಫ್ಯಾನ್ ಹಾಕಿದರೆ ಇನ್ನೂ ಉತ್ತಮ.

ಎರಡನೆಯದು ಸಂದು ಮುಚ್ಚುವುದು. ಪೈಪು, ಕೇಬಲ್ ಸುತ್ತಲಿನ ಜಾಗಕ್ಕೆ ಸೀಲೆಂಟ್, ಶಹಾಬಾದ್ ಕಲ್ಲಿನ ಸಂದುಗಳಿಗೆ ಹೊಸ ಸಿಮೆಂಟು ಅಥವಾ ಎಪಾಕ್ಸಿ, ಬಚ್ಚಲಿನ ಕಿಂಡಿಗೆ ನೀರು ನಿಲ್ಲುವ ಟ್ರ್ಯಾಪ್, ಸಂಪಿಗೆ ಬಿಗಿಯಾದ ಮುಚ್ಚಳ ಬೇಕು. ಇದರಿಂದ ಮಾತ್ರವೇ ಮಟ್ಟ ಬಹಳ ಇಳಿಯುವುದು ಅಪರೂಪ. ಉಳಿದ ಕ್ರಮಗಳಿಗೆ ಇದು ಪೂರಕ.

ಮೂರನೆಯದು ಹೆಚ್ಚು ಪರಿಣಾಮಕಾರಿ: ನೆಲದ ಕಾಂಕ್ರೀಟಿಗೆ ತೂತು ಕೊರೆದು, ಕೆಳಗಿನ ಜಲ್ಲಿಯವರೆಗೆ ನಾಲ್ಕಿಂಚಿನ ಪಿವಿಸಿ ಪೈಪ್ ಇಳಿಸಿ, ಅದನ್ನು ತಾರಸಿಯ ಮೇಲಕ್ಕೊಯ್ದು, ಸಣ್ಣ ಫ್ಯಾನಿನಿಂದ ಸದಾ ಗಾಳಿ ಎಳೆಯುವುದು. ನೆಲದಡಿಯ ಒತ್ತಡ ಮನೆಯೊಳಗಿನದಕ್ಕಿಂತ ಕಡಿಮೆಯಾಗುವುದರಿಂದ ಅನಿಲ ಒಳಬರದೆ ಪೈಪಿನಲ್ಲಿ ಮೇಲೇರಿ ಹೊರಹೋಗುತ್ತದೆ. ಪೈಪಿನ ಬಾಯಿ ಯಾವ ಕಿಟಕಿಗೂ ಹತ್ತಿರ ಇರಬಾರದು. ಹೊಸ ಮನೆ ಕಟ್ಟುವವರು, ಅದರಲ್ಲೂ ಗೋಗಿಯಂಥ ಊರುಗಳಲ್ಲಿ ಕಟ್ಟುವವರು, ಪ್ಲಿಂತ್ ಕೆಳಗೆ ನಾಲ್ಕಿಂಚು ದಪ್ಪ ಜಲ್ಲಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಪೈಪನ್ನು ಮೊದಲೇ ಕೂರಿಸಿಬಿಟ್ಟರೆ ಖರ್ಚು ಅಲ್ಪ. ಬೇಕೆನಿಸಿದಾಗ ಫ್ಯಾನ್ ಜೋಡಿಸಿಕೊಳ್ಳಬಹುದು. ಗಣಿಯ ಕಲ್ಲು, ಕೊರೆದ ಮಣ್ಣನ್ನು ಪಾಯಕ್ಕೆ ತುಂಬಲು ಬಳಸಬಾರದು.

ನೀರಿಗೆ ಪರಿಹಾರ

ರೇಡಾನಿಗೆ ಸುಲಭ ಮದ್ದು ಗಾಳಿಯಾಡಿಸುವುದು. ಬೋರ್ ನೀರನ್ನು ತಾರಸಿಯ ಟ್ಯಾಂಕಿಗೆ ಮೇಲಿನಿಂದ ಷವರಿನಂತೆ ಬೀಳಿಸಿ, ಟ್ಯಾಂಕಿಗೆ ಜಾಲರಿಯ ಗಾಳಿಕಿಂಡಿ ಇಟ್ಟರೆ ಬಹುಪಾಲು ಅಲ್ಲೇ ಹೊರಟುಹೋಗುತ್ತದೆ. ಈ ಕೆಲಸ ಬಯಲಿನಲ್ಲಿ ಆಗಬೇಕೇ ಹೊರತು ಮುಚ್ಚಿದ ಸೆಲ್ಲಾರಿನಲ್ಲಲ್ಲ. ಸುಮ್ಮನೆ ಶೇಖರಿಸಿಟ್ಟರೂ ನಾಲ್ಕು ದಿನಕ್ಕೆ ಅರ್ಧ, ಹದಿಮೂರು ದಿನಕ್ಕೆ ಹತ್ತರಲ್ಲೊಂದು ಪಾಲು ಉಳಿಯುತ್ತದೆ. ಕುದಿಸಿದರೆ ರೇಡಾನ್ ಹೋಗುತ್ತದೆ, ಆದರೆ ನೀರು ಆವಿಯಾದಷ್ಟೂ ಯುರೇನಿಯಂ ಸಾಂದ್ರವಾಗುತ್ತದೆ. ಆರ್‌ಒ ಯಂತ್ರ ಯುರೇನಿಯಂ ತೆಗೆಯುತ್ತದೆ. ರೇಡಾನ್ ಅನಿಲವಾದ್ದರಿಂದ ಪೊರೆ ದಾಟಿಬಿಡುತ್ತದೆ, ಮೇಲಾಗಿ ಅಡುಗೆಮನೆಯ ಯಂತ್ರಕ್ಕೂ ಬಚ್ಚಲಿನ ಷವರಿಗೂ ಸಂಬಂಧವಿಲ್ಲ. ಇದ್ದಿಲಿನ ಫಿಲ್ಟರ್ ರೇಡಾನನ್ನು ಹಿಡಿಯುತ್ತದೆಯಾದರೂ ಅದರ ಸಂತತಿ ಫಿಲ್ಟರಿನಲ್ಲೇ ಶೇಖರವಾಗಿ ಅದೇ ವಿಕಿರಣದ ಮೂಲವಾಗಬಹುದು. ಮಟ್ಟ ಬಹಳ ಹೆಚ್ಚಿರುವ ನೀರಿಗೆ ಅದು ಯೋಗ್ಯವಲ್ಲ. ಯುರೇನಿಯಂ ಮಿತಿ ಮೀರಿದ ಬಾವಿಯಿದ್ದರೆ ಕುಡಿಯಲು, ಅಡುಗೆಗೆ ನದಿಮೂಲದ ನೀರನ್ನೋ ಆರ್‌ಒ ನೀರನ್ನೋ ಬಳಸಿ, ಬಾವಿಯ ನೀರನ್ನು ಇತರ ಕೆಲಸಗಳಿಗೆ ಇಟ್ಟುಕೊಳ್ಳಬಹುದು.

ಯಾವ ಪರಿಹಾರವನ್ನೇ ಮಾಡಲಿ, ಕೆಲಸ ಮುಗಿದ ಮೇಲೆ ಅದೇ ಕೋಣೆಯಲ್ಲಿ, ಸಾಧ್ಯವಾದರೆ ಅದೇ ಋತುವಿನಲ್ಲಿ ಮತ್ತೆ ಅಳೆಯಬೇಕು. ನೆಲಕ್ಕೆ ಹೊಸ ಟೈಲ್ಸ್ ಹಾಕಿದಾಗ, ಕಿಟಕಿ ಮುಚ್ಚಿ ಎಸಿ ಕೂರಿಸಿದಾಗ, ಸೆಲ್ಲಾರಿನಲ್ಲಿ ಹೊಸ ಕೋಣೆ ಎಬ್ಬಿಸಿದಾಗ, ಹೊಸ ಬೋರ್ ಕೊರೆಸಿದಾಗ ಹಳೆಯ ಅಂಕಿ ಲೆಕ್ಕಕ್ಕೆ ಬಾರದು. ಆಗಲೂ ಹೊಸದಾಗಿ ಅಳೆಯಬೇಕಾಗುತ್ತದೆ.